ಹಳೇ ರೇಸ್ ಪುಸ್ತಕಗಳಿಂದ ಡರ್ಬಿಯ ಚರಿತ್ರೆ ತೆಗೆಯುವುದು ಹೇಗೆ

ಊಟಿ ಬಸ್‌ಸ್ಟ್ಯಾಂಡಿನ ಪಕ್ಕದ ರೇಸ್‌ಕೋರ್ಸಿನಲ್ಲಿ ಮದ್ರಾಸ್ ರೇಸ್ ಕ್ಲಬ್ ಪ್ರತಿ ಬೇಸಿಗೆ ಸೀಸನ್ ನಡೆಸುತ್ತಿತ್ತು. ಗುತ್ತಿಗೆ ಬಾಕಿಯ ಕಾರಣಕ್ಕೆ 2024ರಲ್ಲಿ ಸರ್ಕಾರ ಆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಗುಡಲೂರು, ಮಸಿನಗುಡಿ, ಕೋತಗಿರಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಆ ಕಾಲದ ರೇಸ್ ಪುಸ್ತಕಗಳಿದ್ದರೆ (ಆ ದಿನದ ಓಟಗಳ, ಕುದುರೆಗಳ ಅಚ್ಚಾದ ಪಟ್ಟಿ) ರದ್ದಿಗೆ ಹಾಕಬೇಡಿ. ಡರ್ಬಿ ಅಂದರೆ ಒಂದೇ ವಯಸ್ಸಿನ ಕುದುರೆಗಳಿಗೆ ಇಡುವ ದೊಡ್ಡ ಓಟ. ನೀಲಗಿರಿ ಡರ್ಬಿಯಂಥ ಓಟದ ಚರಿತ್ರೆ ಬರೆಯಲು ಆ ಪುಸ್ತಕಗಳೇ ಬಂಡವಾಳ.

ಮೊದಲು ಪುಸ್ತಕ ಉಳಿಸಿಕೊಳ್ಳಿ. ಬೆಟ್ಟದ ಮಂಜಿಗೆ ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿಂದಿರುತ್ತದೆ. ಎಳೆದರೆ ಹಾಳೆ ಹರಿಯುತ್ತದೆ. ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲುಗಳನ್ನು ಹಿಂದಿನಿಂದ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ಎತ್ತಿ. ಅಂಟಿಕೊಂಡ ಪುಟಗಳನ್ನು ಬಿಸಿಲಿಗಿಡಬೇಡಿ, ನೆರಳಲ್ಲಿ ಗಾಳಿಗೆ ಬಿಡಿ. ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಒಳಗೇ ಬೂಷ್ಟು ಹಿಡಿಯುತ್ತದೆ.

ಈಗ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ: ತಾರೀಖು, ಜಾಗ, ದೂರ, ವಯಸ್ಸಿನ ಷರತ್ತು, ಹೊತ್ತ ತೂಕ, ಗೆದ್ದ ಕುದುರೆ, ಅದರ ತಂದೆ ತಾಯಿ, ಜಾಕಿ, ಟ್ರೇನರ್, ಮಾಲೀಕ, ಸಮಯ, ಮೂಲ. ಎಲ್ಲರೂ ಗೆದ್ದ ಹೆಸರಿನಿಂದ ಶುರು ಮಾಡುತ್ತಾರೆ. ಅದು ತಪ್ಪು. ಓಟದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಷರತ್ತಿನ ಸಾಲನ್ನು ಮೊದಲು ನಕಲು ಮಾಡಿ. ಚರಿತ್ರೆ ಬದಲಾಗುವುದು ಅಲ್ಲೇ. ಇಂಗ್ಲೆಂಡಿನ ಎಪ್ಸಮ್ ಡರ್ಬಿ 1780ರಲ್ಲಿ ಶುರುವಾದಾಗ ಒಂದೇ ಮೈಲಿ. ಮೊದಲ ವರ್ಷದ ಕುದುರೆ ಡಯೋಮೆಡ್ ಗೆದ್ದದ್ದು ಆ ದೂರದಲ್ಲಿ. 1784ರಿಂದ ಒಂದೂವರೆ ಮೈಲಿ ಆಯಿತು. ಇದು ಗೊತ್ತಿಲ್ಲದೆ ಎರಡು ಕಾಲದ ಸಮಯಗಳನ್ನು ಪಕ್ಕಪಕ್ಕ ಇಟ್ಟರೆ ಹಾಸ್ಯಾಸ್ಪದ.

ಹಳೇ ಪುಸ್ತಕದಲ್ಲಿ ಫರ್ಲಾಂಗ್ ಇರುತ್ತದೆ. ಒಂದು ಫರ್ಲಾಂಗ್ 201 ಮೀಟರಿಗೆ ಸ್ವಲ್ಪ ಹೆಚ್ಚು, ಎಂಟು ಸೇರಿದರೆ ಮೈಲಿ. ಹನ್ನೆರಡು ಫರ್ಲಾಂಗ್ ಅಂದರೆ 2414 ಮೀಟರ್, ಈಗಿನ ಇಂಡಿಯನ್ ಡರ್ಬಿಯ 2400 ಅಲ್ಲ. ಆ 14 ಮೀಟರಿಗೆ ಓಡುವ ಕುದುರೆಗೆ ಒಂದು ಸೆಕೆಂಡಿನ ಹತ್ತಿರ ಹತ್ತಿರ ಬೇಕು. ದಾಖಲೆ ಮುರಿಯಿತು ಎಂದು ಬರೆಯುವ ಮುಂಚೆ ಇದನ್ನು ಕಳೆದು ನೋಡಿ. ತೂಕ ಸ್ಟೋನಿನಲ್ಲಿದ್ದರೆ 6.35ರಿಂದ ಗುಣಿಸಿ. 9 ಸ್ಟೋನ್ ಅಂದರೆ 57.15 ಕಿಲೋ.

ಹೆಚ್ಚು ಜನ ಎಡವುವುದು ವಯಸ್ಸಿನಲ್ಲಿ. ನಮ್ಮ ದೇಶದಲ್ಲಿ ತರೋಬ್ರೆಡ್ (ರೇಸಿನ ತಳಿಯ) ಮರಿ ಯಾವ ತಿಂಗಳು ಹುಟ್ಟಿದರೂ ಲೆಕ್ಕಕ್ಕೆ ಜನವರಿ 1ಕ್ಕೇ ಒಂದು ವರ್ಷ ಏರುತ್ತದೆ. ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 2000 ಗಿನಿಸ್ ಎಂಬ ಓಟ ಡಿಸೆಂಬರಿನಲ್ಲಿ, ಇಂಡಿಯನ್ ಡರ್ಬಿ ಫೆಬ್ರವರಿಯಲ್ಲಿ. ಅದೇ ಕುದುರೆ ಮೊದಲನೆಯದರಲ್ಲಿ ಮೂರು ವರ್ಷದ್ದು, ಎರಡನೆಯದರಲ್ಲಿ ನಾಲ್ಕರದ್ದು. ಇಸವಿ ನೋಡಿ ಎರಡು ಬೇರೆ ತಲೆಮಾರು ಅಂದುಕೊಂಡರೆ ಪಟ್ಟಿಯೆಲ್ಲ ಒಂದು ಮನೆ ಜಾರುತ್ತದೆ. ಅದಕ್ಕೇ ಇಸವಿಯ ಜೊತೆಗೆ ಸೀಸನ್ನೂ ಬರೆಯಿರಿ: 1942–43 ಅಂತ. ಮೊದಲ ಇಂಡಿಯನ್ ಡರ್ಬಿ 1943ರದ್ದು, ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್.

ವಯಸ್ಸಿಗೆ ಇಷ್ಟು ಬೆಲೆ ಯಾಕೆ ಎಂದರೆ ಕುದುರೆಯ ಬಾಯಿ ನೋಡಬೇಕು. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ಹೊಸದು ಬರುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಎಪ್ಸಮ್ ಡರ್ಬಿ ಮೂರು ವರ್ಷದ ಕುದುರೆಗಳಿಗಷ್ಟೇ. 1844ರಲ್ಲಿ ಅಲ್ಲಿ ಮೊದಲು ಬಂದ ರನ್ನಿಂಗ್ ರೈನ್ ಮೂರರ ಕುದುರೆಯೇ ಅಲ್ಲ, ಹೆಸರು ಬದಲಿಸಿ ತಂದಿದ್ದ ನಾಲ್ಕು ವರ್ಷದ ಮೆಕಾಬಿಯಸ್. ಬಾಯಿ ನೋಡಬೇಕು, ಕುದುರೆಯನ್ನು ಹಾಜರು ಮಾಡಿ ಎಂದು ನ್ಯಾಯಾಧೀಶರು ಹೇಳಿದರೆ ಕುದುರೆಯೇ ಬರಲಿಲ್ಲ. ಗೆಲುವು ಎರಡನೆಯದಾಗಿ ಬಂದಿದ್ದ ಒರ್ಲಾಂಡೋಗೆ ಹೋಯಿತು. ಗುರಿ ಮುಟ್ಟಿದ ಕುದುರೆಯೂ ಗೆದ್ದ ಕುದುರೆಯೂ ಬೇರೆಯಾಗಬಹುದು. ಅಬ್ಜೆಕ್ಷನ್ (ಫಲಿತಾಂಶದ ಮೇಲೆ ತಕರಾರು) ಆಗಿದ್ದರೆ ಎರಡೂ ಹೆಸರು ಬರೆಯಿರಿ.

ರೇಸ್ ಪುಸ್ತಕ ಅಚ್ಚಾಗುವುದು ಓಟಕ್ಕೆ ಮುಂಚೆ. ಅದರಲ್ಲಿ ಫಲಿತಾಂಶ ಇರುವುದಿಲ್ಲ! ಹೆಸರಿನ ಮುಂದೆ ಪೆನ್ಸಿಲಿನ ಟಿಕ್ ಇದ್ದರೆ ಅದು ಗೆದ್ದ ಗುರುತೋ, ಪುಸ್ತಕದ ಯಜಮಾನರು ದುಡ್ಡು ಕಟ್ಟಿದ ಗುರುತೋ ಹೇಳಲಾಗದು. ಎರಡನೆಯದೇ ಹೆಚ್ಚು. ಅದೇ ಸೀಸನ್ನಿನ ಮುಂದಿನ ಪುಸ್ತಕ ತೆಗೆದು, ಅದೇ ಕುದುರೆ ಮತ್ತೆ ಓಡಿದ್ದರೆ ಹೆಸರಿನ ಕೆಳಗಿನ ಹಿಂದಿನ ಓಟಗಳ ಸಾಲು ನೋಡಿ. ಸ್ಥಾನ, ತೂಕ, ಎಷ್ಟು ಕುದುರೆ ಉದ್ದದ ಅಂತರ ಎಲ್ಲ ಅಲ್ಲಿ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಮರುದಿನದ ಪತ್ರಿಕೆ.

ಹೆಸರುಗಳನ್ನು ನಂಬಬೇಡಿ. ಒಂದೇ ಹೆಸರಿನ ಕುದುರೆಗಳು ಬೇರೆ ಬೇರೆ ಕಾಲದಲ್ಲಿ ಓಡಿರುತ್ತವೆ, ಬೇರ್ಪಡಿಸಲು ತಂದೆ ತಾಯಿಯ ಹೆಸರೇ ದಾರಿ. ಇಂಗ್ಲೆಂಡಿನ ಸೇಂಟ್ ಲೆಜರ್ ಎಂಬ ಓಟವನ್ನು 1776ರಲ್ಲಿ ಮೊದಲ ಸಲ ಗೆದ್ದ ಹೆಣ್ಣುಮರಿಗೆ ಆಗ ಹೆಸರೇ ಇರಲಿಲ್ಲ. ಅಲಬಕೂಲಿಯಾ ಅಂತ ಕರೆದದ್ದು ಆಮೇಲೆ. ಓಟದ ಹೆಸರೂ ಹಾಗೆಯೇ: ಪ್ರಾಯೋಜಕರು ಬಂದಾಗ ಇಂಡಿಯನ್ ಡರ್ಬಿ ಮೆಕ್‌ಡವೆಲ್ ಇಂಡಿಯನ್ ಡರ್ಬಿ ಆಯಿತು. ಇದು ಹೊಸ ಓಟವಲ್ಲ, ಅದೇ ಪಟ್ಟಿಯಲ್ಲಿ ಮುಂದುವರಿಸಿ.

ನೋಟ್‌ಬುಕ್ಕಿನ ‘ಜಾಗ’ ಎಂಬ ಮನೆಯನ್ನು ಪ್ರತಿ ವರ್ಷಕ್ಕೂ ತುಂಬಿ. ಎರಡೂ ಮಹಾಯುದ್ಧಗಳ ಕಾಲದಲ್ಲಿ ಎಪ್ಸಮ್ ಡರ್ಬಿ ಇನ್ನೊಂದು ಊರಾದ ನ್ಯೂಮಾರ್ಕೆಟ್‌ನಲ್ಲಿ ನಡೆಯಿತು, ಹಾಗಾಗಿ ಪಟ್ಟಿ ತುಂಡಾಗಲಿಲ್ಲ. ನಿಮ್ಮ ಪಟ್ಟಿಯಲ್ಲಿ ಖಾಲಿ ವರ್ಷ ಬಂದರೆ ‘ಓಟ ನಡೆಯಲಿಲ್ಲ’ ಎಂದು ಶಾಯಿಯಲ್ಲಿ ಬರೆಯುವುದು ಆಧಾರ ಸಿಕ್ಕ ಮೇಲೆ ಮಾತ್ರ. ಅಲ್ಲಿಯವರೆಗೆ ‘ಪುಸ್ತಕ ಸಿಗಲಿಲ್ಲ’ ಎಂದು ಪೆನ್ಸಿಲಿನಲ್ಲಿ.