ಚೀಟಿ ದಾವಣಗೆರೆಯದು, ಮಾತ್ರೆ ಜಗಳೂರಿನದು: ಬಿಪಿಯನ್ನು ಡಾಕ್ಟರು, ಫಾರ್ಮಸಿಸ್ಟ್ ಕೂಡಿ ನೋಡಿಕೊಳ್ಳುವ ಬಗೆ

ಜಗಳೂರು, ಚನ್ನಗಿರಿ ಕಡೆಯ ಬಿಪಿ ರೋಗಿ ದಾವಣಗೆರೆಯ ಡಾಕ್ಟರನ್ನು ಕಾಣುವುದು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ. ಊರಿನ ಮೆಡಿಕಲ್ ಶಾಪಿಗೆ ಮಾತ್ರ ತಿಂಗಳು ತಿಂಗಳೂ ಹೋಗುತ್ತಾರೆ. ಬಿಪಿ ಹತೋಟಿ ತಪ್ಪುವುದು ಈ ನಡುವಿನ ದಿನಗಳಲ್ಲೇ. ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಾಕ್ಟರರ ಜೊತೆ ಒಪ್ಪಂದ ಮಾಡಿಕೊಂಡ ಫಾರ್ಮಸಿಸ್ಟರು ಅಲ್ಲೇ ಔಷಧಿ ಹೊಂದಿಸಿದಾಗ ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಇಳಿಯಿತು. ಬರೀ ಸಲಹೆ ಕೊಟ್ಟು ಡಾಕ್ಟರ ಬಳಿ ಕಳಿಸಿದವರಲ್ಲಿ ಇಳಿದದ್ದು 9. ನಮ್ಮಲ್ಲಿ ಡೋಸ್ ಬದಲಿಸುವುದು ಡಾಕ್ಟರ ಕೆಲಸ. ಹಾಗಾಗಿ ಇಬ್ಬರ ನಡುವೆ ಸುದ್ದಿ ಬೇಗ ಓಡಾಡಬೇಕು.

ಮೊದಲ ಕೆಲಸ ಡಾಕ್ಟರದು. ಚೀಟಿಯಲ್ಲಿ ಬ್ರಾಂಡಿನ ಜೊತೆ ಔಷಧಿಯ ಮೂಲ ಹೆಸರು, ಮುಟ್ಟಬೇಕಾದ ಗುರಿ (ಸಾಮಾನ್ಯವಾಗಿ 140/90ಕ್ಕಿಂತ ಕೆಳಗೆ, ಶುಗರ್ ಇರುವ ಅನೇಕರಿಗೆ 130/80), ಮುಂದಿನ ರಕ್ತಪರೀಕ್ಷೆಯ ದಿನ, ಫಾರ್ಮಸಿಸ್ಟ್ ಸಂದೇಶ ಕಳಿಸಬಹುದಾದ ನಂಬರು ಬರೆಯಿರಿ. ಮೂಲ ಹೆಸರಿಲ್ಲದಿದ್ದರೆ ಎರಡು ಕಡೆ ತೋರಿಸಿದವರು ಎರಡು ಬ್ರಾಂಡಿನಲ್ಲಿ ಟೆಲ್ಮಿಸಾರ್ಟಾನ್ ಎಂಬ ಒಂದೇ ಬಿಪಿ ಔಷಧಿ ನುಂಗುತ್ತಾರೆ.

ಬಸ್ಸಿಳಿದು ಬಂದವರನ್ನು ಕೌಂಟರ್ ಮುಂದೆ ನಿಲ್ಲಿಸಿ ನೋಡಿದ ಬಿಪಿ ಯಾರ ಉಪಯೋಗಕ್ಕೂ ಬಾರದು. ಅಂಗಡಿಯಲ್ಲಿ ಒಂದು ಕುರ್ಚಿ, ಒಂದು ಮೇಜು ಇರಲಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, 5 ನಿಮಿಷ ಮಾತಿಲ್ಲ. ಚಹಾ, ಬೀಡಿ ಮುಗಿದು ಅರ್ಧ ಗಂಟೆಯಾಗಿರಬೇಕು. ಬಿಪಿ ಯಂತ್ರದ ಪಟ್ಟಿ ಬರಿದೋಳಿಗೇ ಕಟ್ಟಬೇಕು. ತೋಳಿನ ಸುತ್ತಳತೆ 32 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿ, ಇಲ್ಲದಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಸರಾಸರಿಯನ್ನು ಚೀಟಿಯ ಬೆನ್ನಿಗೆ ಬರೆಯಿರಿ. ‘ನಾರ್ಮಲ್ ಐತೆ’ ಎಂದು ಬಾಯಲ್ಲಿ ಹೇಳಿ ಕಳಿಸಬೇಡಿ.

ಬಿಪಿ ಏರಿದ್ದರೆ ಮೊದಲು ಲೆಕ್ಕ ಹಾಕಿ. 30 ಮಾತ್ರೆ ಒಯ್ದವರು 45ನೇ ದಿನ ಬಂದರೆ 15 ದಿನ ತಪ್ಪಿದೆ. ಇದು ತಿಳಿಯದೆ ಡಾಕ್ಟರು ಡೋಸ್ ಹೆಚ್ಚಿಸಿದರು ಅನ್ನಿ. ರೋಗಿ ಅಷ್ಟನ್ನೂ ಸರಿಯಾಗಿ ನುಂಗಲು ಶುರು ಮಾಡಿದ ವಾರದಲ್ಲಿ ತಲೆಸುತ್ತಿ ಬೀಳಬಹುದು. ಮುಂದಿನ ಖರೀದಿಯ ದಿನಾಂಕವನ್ನು ಕವರಿನ ಮೇಲೆ ಬರೆದುಕೊಡಿ. ಟೆಲ್ಮಿಸಾರ್ಟಾನ್ ತೇವ ಹೀರುತ್ತದೆ, ಬಿಡಿಸಿ ಡಬ್ಬಿಗೆ ತುಂಬಬಾರದೆಂದೂ ಹೇಳಿ.

ಫಾರ್ಮಸಿಸ್ಟಿನ ನಿಜವಾದ ಬೆಲೆ ಗೊತ್ತಾಗುವುದು ಚೀಟಿ ಇಲ್ಲದೆ ಬರುವ ವ್ಯಾಪಾರದಲ್ಲಿ. ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ನುಂಗುವವರು ‘ಒಣಕೆಮ್ಮು ಬಿಡ್ತಿಲ್ಲ’ ಎಂದು ಬಂದರೆ ಸಿರಪ್ ಕೊಡುವುದು ಸುಲಭ, ಲಾಭವೂ ಹೌದು. ಆದರೆ ಆ ಕೆಮ್ಮು ಮಾತ್ರೆಯಿಂದಲೇ ಬಂದಿರಬಹುದು. ಡಾಕ್ಟರು ಔಷಧಿ ಬದಲಿಸಿದರೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಪಾದ ಊದಿದವರಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಕೊಟ್ಟರೂ ಇದೇ ತಪ್ಪು. ಮೊಣಕಾಲು ನೋವಿನ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಮತ್ತು ನೀರಿನ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು. ನೆಗಡಿ ಮಾತ್ರೆಯ ಫೀನೈಲೆಫ್ರಿನ್ ಕೂಡ ಬಿಪಿ ಹೆಚ್ಚಿಸಬಲ್ಲದು. ಮಗು ಬಯಸುವ ಹೆಂಗಸಿಗೆ ಟೆಲ್ಮಿಸಾರ್ಟಾನ್ ಅಥವಾ ಎನಾಲಾಪ್ರಿಲ್ ಬರೆದಿದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.

ರೋಗಿಯ ಒಪ್ಪಿಗೆ ಪಡೆದು ಕಳಿಸುವ ಸಂದೇಶ ಹೀಗಿದ್ದರೆ ಸಾಕು: ‘ವಯಸ್ಸು 58, ರಾಮಿಪ್ರಿಲ್ 5, ಮಾತ್ರೆ ತಪ್ಪಿಸಿಲ್ಲ, ಬಿಪಿ 156/94, ಮೂರು ವಾರದಿಂದ ಒಣಕೆಮ್ಮು, ನೋವಿನ ಮಾತ್ರೆ ಇಲ್ಲ.’ ಉತ್ತರವಾಗಿ ಡಾಕ್ಟರು ಹೊಸ ಚೀಟಿಯನ್ನೇ ಕೊಡಬೇಕು, ಬಾಯಿಮಾತು ಬೇಡ. ಟೆಲ್ಮಿಸಾರ್ಟಾನ್ ಶುರುವಾದರೆ 2–4 ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ಅಂಶ), ಪೊಟ್ಯಾಸಿಯಂ ನೋಡಿಸಲು ಅಂಗಡಿಯಲ್ಲೇ ನೆನಪಿಸಿ.

ಮಂಡಕ್ಕಿ, ಮೆಣಸಿನಕಾಯಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳಿ ಫಲವಿಲ್ಲ. ದಿನದ ಉಪ್ಪು ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ, ಎಂದು ಅಳತೆ ಹೇಳಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆಯವರು, ಟೆಲ್ಮಿಸಾರ್ಟಾನ್ ನುಂಗುವವರು ಡಾಕ್ಟರನ್ನು ಕೇಳಿಯೇ ಕೊಳ್ಳಬೇಕು.

180/120 ದಾಟಿದ್ದು, ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಕಂಡರೆ ತಕ್ಷಣ 108. ಬಿಪಿ ಅಷ್ಟಿದ್ದೂ ಈ ಲಕ್ಷಣಗಳು ಯಾವುವೂ ಇಲ್ಲದಿದ್ದರೆ ಕೂರಿಸಿ ಮತ್ತೆ ನೋಡಿ, ಇಳಿಯದಿದ್ದರೆ ಅಂದೇ ಡಾಕ್ಟರ ಬಳಿ ಕಳಿಸಿ. ಬಿಪಿ ಇಳಿಸಲೆಂದು ನಾಲಿಗೆಯಡಿ ನಿಫೆಡಿಪಿನ್ ಮಾತ್ರೆ ಇಡಬೇಡಿ. ಬಿಪಿ ದಿಢೀರ್ ಕುಸಿದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ.