ಕನ್ನಡಿಯಿರುವ ಕೋಣೆಯ ತ್ರೀಡಿ ಮಾದರಿ ತಯಾರಿಸುವುದು ಹೇಗೆ?

ಫೋಟೋಗಳಿಂದ ಕೋಣೆಯ ತ್ರೀಡಿ ಮಾದರಿ ಕಟ್ಟಲು ಹೊರಟವರು ಹೆಚ್ಚಾಗಿ ಎಡವುವುದು ಕನ್ನಡಿಯ ಬಳಿ. ವಾರ್ಡ್‌ರೋಬಿನ ಕನ್ನಡಿಯನ್ನು ಹಾಗೆಯೇ ಬಿಟ್ಟು ಚಿತ್ರ ತೆಗೆದರೆ ಅದರ ಹಿಂದೆ ಇಲ್ಲದ ಕೋಣೆಯೊಂದು ಹುಟ್ಟಿಕೊಳ್ಳುತ್ತದೆ. ಕನ್ನಡಿಯಿಂದ 2 ಮೀಟರ್ ಈಚೆಗಿರುವ ಮಂಚದ ಪ್ರತಿಬಿಂಬ ಯಾವ ಕೋನದಿಂದ ನೋಡಿದರೂ 2 ಮೀಟರ್ ಆಚೆಗಿದ್ದಂತೆಯೇ ಕಾಣುವುದರಿಂದ, ಚಿತ್ರಗಳ ಹೊಂದಾಣಿಕೆಯನ್ನೇ ನೆಚ್ಚಿಕೊಂಡ ಕೋಲ್‌ಮ್ಯಾಪ್ ತಂತ್ರಾಂಶವಾಗಲಿ, ಫೋಟೋಗಳಿಂದ ತ್ರೀಡಿ ದೃಶ್ಯವನ್ನು ಕಲಿಯುವ ವಿಧಾನಗಳಾದ 2020ರ ನರ್ಫ್ ಆಗಲಿ, 2023ರ ಗಾಸಿಯನ್ ಸ್ಪ್ಲ್ಯಾಟಿಂಗ್ ಆಗಲಿ ಅದನ್ನು ನಿಜವಾದ ಮಂಚವೆಂದೇ ಎಣಿಸುತ್ತವೆ.

ಮೊದಲು ಕನ್ನಡಿಯನ್ನು ಮುಚ್ಚಿ. ಬಿಳಿ ಬೆಡ್‌ಶೀಟ್ ಬೇಡ. ಗುರುತು ಹಿಡಿಯಲು ಅದರಲ್ಲಿ ಏನೂ ಇರುವುದಿಲ್ಲ. ಹೊಳಪು ಮರೆಸುವ ಬಿಳಿ ಸ್ಕ್ಯಾನಿಂಗ್ ಸ್ಪ್ರೇಯೂ ಇದೇ ಕಾರಣಕ್ಕೆ ಇಲ್ಲಿ ದಂಡ, ಒರೆಸುವ ಕೆಲಸ ಬೇರೆ. ಹಳೆಯ ದಿನಪತ್ರಿಕೆಗಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ: ಅಕ್ಷರ, ಚಿತ್ರ, ಜಾಹೀರಾತುಗಳ ಅಂಚುಗಳೆಲ್ಲ ತಂತ್ರಾಂಶಕ್ಕೆ ಹಿಡಿತ ಕೊಡುತ್ತವೆ. ಆದರೆ ಒಂದೇ ಪುಟದ ಎರಡು ಪ್ರತಿಗಳನ್ನು ಅಂಟಿಸಬಾರದು. ಒಂದರ ಗುರುತು ಇನ್ನೊಂದಕ್ಕೆ ತಾಳೆಯಾಗಿ ಲೆಕ್ಕ ತಪ್ಪುತ್ತದೆ. ಹಾಳೆಯನ್ನು ಗಾಜಿಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ, ಫ್ಯಾನ್ ಆರಿಸಿ.

ಮುಚ್ಚಲಾಗದ ಕಡೆ ಪ್ರತಿ ಚಿತ್ರಕ್ಕೂ ಮಾಸ್ಕ್ ಮಾಡುವುದೇ ಸರಳ ದಾರಿ. ಕನ್ನಡಿಯ ಭಾಗಕ್ಕೆ ಅಪ್ಪಟ ಕಪ್ಪು, ಉಳಿದುದಕ್ಕೆ ಬಿಳಿ ತುಂಬಿ, ಚಿತ್ರದ ಪೂರ್ತಿ ಹೆಸರಿನ ಕೊನೆಗೆ ‘.ಪಿಎನ್‌ಜಿ’ ಸೇರಿಸಿ ಉಳಿಸಿದರೆ ಕೋಲ್‌ಮ್ಯಾಪ್ ಆ ಭಾಗವನ್ನು ಬಿಟ್ಟುಬಿಡುತ್ತದೆ. ಮುಂದೆ ನರ್ಫ್ ಅಥವಾ ಸ್ಪ್ಲ್ಯಾಟ್ ತರಬೇತಿಗೂ ಇದೇ ಮಾಸ್ಕ್ ಕೊಡಬೇಕು. ಮರೆತರೆ ಭೂತದ ಕೋಣೆ ಮರಳಿ ಬರುತ್ತದೆ.

ಚಿತ್ರ ತೆಗೆಯುವಾಗ ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, ನಿಂತಲ್ಲೇ ತಿರುಗದೆ ನಡೆಯುತ್ತ ಹೋಗಿ.

ಮೆಶ್ (ತ್ರಿಕೋನಗಳಿಂದ ಹೆಣೆದ ತ್ರೀಡಿ ಮೇಲ್ಮೈ) ಸಿದ್ಧವಾದ ಮೇಲೆ ಅದನ್ನು ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶಕ್ಕೆ ತಂದು, ಪತ್ರಿಕೆಯ ಭಾಗವನ್ನು ಅಳಿಸಿ, ಅದೇ ಜಾಗದಲ್ಲಿ ಒಂದು ಸಮತಲವನ್ನಿಟ್ಟು, ಅದರ ಮೇಲ್ಮೈ ಗುಣಗಳಲ್ಲಿ ಮೆಟಾಲಿಕ್ 1, ರಫ್‌ನೆಸ್ 0 ಎಂದು ಕೊಡಿ. ರೆಂಡರ್ ಬ್ಲೆಂಡರಿನ ಸೈಕಲ್ಸ್ ಎಂಜಿನ್‌ನಲ್ಲೇ ಆಗಲಿ. ಅಲ್ಲಿ ಕಿರಣ ಕನ್ನಡಿಗೆ ತಗುಲಿ ಹಿಂದಿರುಗಿ ಕ್ಯಾಮೆರಾದ ಬೆನ್ನಿಗಿರುವ ಗೋಡೆಯನ್ನೂ ಮುಟ್ಟುತ್ತದೆ. ಪರದೆಯಲ್ಲಿ ಕಾಣುವುದನ್ನಷ್ಟೇ ಬಳಸುವ ಅಡ್ಡದಾರಿಗಳಲ್ಲಿ ಆ ಗೋಡೆ ಸಿಗುವುದಿಲ್ಲ.

ಸಮತಲವನ್ನು ಕಣ್ಣಂದಾಜಿನಲ್ಲಿ ಕೂರಿಸಬೇಡಿ. ಅದು 1 ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ 2 ಡಿಗ್ರಿ ತಪ್ಪುತ್ತದೆ. ಕನ್ನಡಿಗೆ ಲಂಬವಾಗಿ ಸಾಗುವ ನೆಲದ ಟೈಲ್ಸ್ ಸಂದನ್ನು ಗಮನಿಸಿ. ಅದು ಪ್ರತಿಬಿಂಬದಲ್ಲೂ ಮುರಿಯದೆ ನೇರವಾಗಿ ಮುಂದುವರಿಯುವವರೆಗೆ ಸಮತಲವನ್ನು ತುಸುತುಸುವೇ ತಿರುಗಿಸಿ.