ಬೆಳಕಿನ ದಿಕ್ಕು ಬದಲಿಸಿದ ಮೇಲೆ ಕಂಡ ಬದುಗಳು

ರೋಮನ್ನರು ಲಂಡನ್ನಿನಿಂದ ಚಿಚೆಸ್ಟರ್‌ವರೆಗೆ ಹಾಕಿದ ಸ್ಟೇನ್ ಸ್ಟ್ರೀಟ್ ಸುಮಾರು 90 ಕಿಲೋಮೀಟರ್ ಉದ್ದದ ರಸ್ತೆ. ಅಧ್ಯಯನಕ್ಕೆ ನಾನು ಆರಿಸಿಕೊಂಡದ್ದು ಸಸೆಕ್ಸ್‌ನ ಬಿಗ್ನರ್ ಗುಡ್ಡದ ಮೇಲಿನ ಒಂದು ತುಂಡನ್ನು. ಕೆಳಗಿನ ಬಯಲಿನಲ್ಲಿ ಬಹಳಷ್ಟು ಕಡೆ ಅದೇ ಜಾಡಿನಲ್ಲಿ ಇಂದಿನ ಡಾಂಬರು ರಸ್ತೆ ಓಡುತ್ತದೆ. ಗುಡ್ಡದ ಮೇಲೆ ಮಾತ್ರ ರೋಮನ್ನರು ಎತ್ತರಿಸಿದ ದಿಬ್ಬ ಕೆರೆಯ ಏರಿಯಂತೆ ಇನ್ನೂ ಉಳಿದಿದೆ.

ಹಾರೆ ಹಿಡಿಯುವ ಮಾತೇ ಇರಲಿಲ್ಲ. ಸಂರಕ್ಷಿತ ಸ್ಮಾರಕವನ್ನು ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿ ಉಚಿತವಾಗಿ ಸಿಗುವ ಲೈಡಾರ್, ಅಂದರೆ ಲೇಸರ್‌ನಿಂದ ನೆಲದ ಎತ್ತರ ಅಳೆದ, ದತ್ತಾಂಶವನ್ನು ಇಳಿಸಿಕೊಂಡು ಮನೆಯಲ್ಲೇ ಕೆಲಸ ಆರಂಭಿಸಿದೆ. ವಿಮಾನದಿಂದ ಬಿಟ್ಟ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಮರಳುತ್ತವೆ. ಅವುಗಳಿಂದ ಕಾಡಿನ ಅಡಿಯ ಏರಿಳಿತವೂ ಸಿಗುತ್ತದೆ. ನಕ್ಷೆ ತಯಾರಿಸುವ ಕ್ಯುಜಿಐಎಸ್ ತಂತ್ರಾಂಶದಲ್ಲಿ ಅದರ ಮೇಲೆ ಕೃತಕ ಬೆಳಕು ಬಿಟ್ಟು ನೆರಳು ಮೂಡಿಸಿದಾಗ ರಸ್ತೆ ಗೆರೆ ಕೊರೆದಂತೆ ಎದ್ದು ಕಂಡಿತು.

ಅಲ್ಲಿಯೇ ನಾನು ಎಡವಿದೆ. ತಂತ್ರಾಂಶ ತಾನಾಗಿಯೇ ವಾಯವ್ಯದಿಂದ ಬೆಳಕು ಬಿಡುತ್ತದೆ. ರಸ್ತೆ ಈಶಾನ್ಯದಿಂದ ನೈಋತ್ಯಕ್ಕೆ ಹೋಗುವುದರಿಂದ ಆ ಬೆಳಕು ಅದಕ್ಕೆ ಅಡ್ಡ ಬಿದ್ದು ಒಳ್ಳೆಯ ನೆರಳು ಮೂಡುತ್ತದೆ. ಆದರೆ ಬೆಳಕಿನ ದಿಕ್ಕಿನಲ್ಲೇ ಮಲಗಿದ ಬದುಗಳಿಗೆ ನೆರಳೇ ಇಲ್ಲ. ವಾರಗಟ್ಟಲೆ ನಾನು ರಸ್ತೆಯನ್ನಷ್ಟೇ ಅಳೆಯುತ್ತಾ ಕೂತಿದ್ದೆ. ಒಂದು ರಾತ್ರಿ ಬೆಳಕನ್ನು ಈಶಾನ್ಯಕ್ಕೆ ತಿರುಗಿಸಿದೆ: ಇಕ್ಕೆಲಗಳಲ್ಲೂ ಹಳೆಯ ಹೊಲಗಳ ಬದುಗಳು ಮೇಲೆದ್ದವು! ಅಂದಿನಿಂದ ಎಂಟು ದಿಕ್ಕಿನ ಬೆಳಕನ್ನೂ ನೋಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ನನ್ನ ಮಟ್ಟಿಗೆ ರಸ್ತೆಗಿಂತ ಈ ಬದುಗಳೇ ಹೆಚ್ಚು ಹೇಳುತ್ತವೆ. ರಸ್ತೆ ಬದುವನ್ನು ಕತ್ತರಿಸಿ ಸಾಗಿದ್ದರೆ ಹೊಲ ಮೊದಲಿನದು, ರಸ್ತೆ ಆಮೇಲೆ ಬಂದದ್ದು. ಬದು ರಸ್ತೆಗೆ ಬಂದು ತಾಗಿ ನಿಂತಿದ್ದರೆ ರಸ್ತೆಯನ್ನು ನೋಡಿಕೊಂಡೇ ಹೊಲ ಹಂಚಿರಬಹುದು. ಗುಡ್ಡದ ಬುಡದಲ್ಲಿ 1811ರಲ್ಲಿ ರೈತನ ನೇಗಿಲಿಗೆ ಸಿಕ್ಕ ರೋಮನ್ ಕಾಲದ ದೊಡ್ಡ ಮನೆಯಿದೆ, ಹಲವು ಕೋಣೆಗಳ ನೆಲಕ್ಕೆ ಕಲ್ಲುಚೂರುಗಳ ಮೊಸಾಯಿಕ್ ಚಿತ್ತಾರ. ಆ ಮನೆ, ಈ ಹೊಲ, ಈ ದಾರಿಯನ್ನು ಬೇರೆ ಬೇರೆಯಾಗಿ ಓದುವುದು ತಪ್ಪು.

ಪರದೆಯ ಮೇಲಿನ ಗೆರೆಗಳನ್ನು ಕಾಲಿನಿಂದಲೇ ಪರೀಕ್ಷಿಸಬೇಕು. ಹುಲ್ಲು ಕುಗ್ಗಿ ಬಿಸಿಲು ಓರೆಯಾಗಿ ಬೀಳುವ ಜನವರಿಯಲ್ಲಿ ಹೋದೆ. ಗುರುತಿಸಿದ್ದ ಎರಡು ಬದುಗಳು ಈಚಿನ ಬೇಲಿಯ ಸಾಲುಗಳೆಂದು ತಿಳಿದು ನಕ್ಷೆಯಿಂದ ಅಳಿಸಿದೆ. ಉಳಿದವು ನಿಂತವು. ಸಂಜೆ ನಾಲ್ಕರ ಹೊತ್ತಿಗೆ ಒಂದೊಂದು ಬದುವಿನ ಪಕ್ಕದಲ್ಲೂ ಮೊಣಕಾಲೆತ್ತರದ ನೆರಳು ನೀಲಿಯಾಗಿ ಚಾಚಿಕೊಂಡಿತ್ತು.